ಎರಡು ವರ್ಷದಿಂದ ಮೇಸ್ತ್ರಿ ಹತ್ತಿರ ಮರಗೆಲಸ ಮಾಡುತ್ತಿದ್ದೇನೆ, ಲಾಭವೆಲ್ಲ ಅವರ ಜೇಬಿಗೇ ಹೋಗುತ್ತೆ. ಮಂಡ್ಯದಲ್ಲಿ ಸ್ವಂತ ಕಾಂಟ್ರಾಕ್ಟ್ ಹಿಡಿಯಲಾ, ಕೂಲಿಯಲ್ಲೇ ಇರಲಾ?

ಲಾಭವೆಲ್ಲ ಮೇಸ್ತ್ರಿ ಜೇಬಿಗೆ ಹೋಗುತ್ತೆ ಅಂತ ಬರೆದಿದ್ದೀರಲ್ಲ, ನಾನೂ ಅದೇ ಲೆಕ್ಕ ಹಾಕಿ ಮೇಸ್ತ್ರಿಯನ್ನು ಬಿಟ್ಟವನು. ಪಾಂಡವಪುರದ ಕಡೆ ಒಂದು ಮನೆ ಒಪ್ಪಿಕೊಂಡೆ. ಮರವೂ ನನ್ನದೇ, ಕೂಲಿಯೂ ನನ್ನದೇ. ಚೌಕಟ್ಟು, ಕಿಟಕಿ ಸಲೀಸಾಗಿ ಆದವು. ಕೈ ಕೊಟ್ಟಿದ್ದು ಮುಂಬಾಗಿಲು.

ತೇಗದ ಪ್ಯಾನೆಲ್ ಬಾಗಿಲು. ಸುತ್ತಲಿನ ಪಟ್ಟಿಗಳಿಗೆ ಗ್ರೂವ್, ಅಂದರೆ ಉದ್ದಕ್ಕೂ ಸಣ್ಣ ಕಾಲುವೆ, ಹೊಡೆದು ನಡುವೆ ಹಲಗೆ ಕೂರಿಸಬೇಕು. ಕೂರಿಸಬೇಕು ಅಷ್ಟೇ, ಅಂಟಿಸಬಾರದು. ಬಾಗಿಲು ಹಾಕಿದಾಗ ಹಲಗೆ ಲಟಲಟ ಅನ್ನುತ್ತೆ ಅಂದರು ಮನೆಯವರು. ನಾನು ಬಿಚ್ಚಿ, ನಾಲ್ಕೂ ಕಡೆ ಫೆವಿಕಾಲ್ ಸುರಿದು ಜೋಡಿಸಿದೆ. ಅಲ್ಲಾಡಲಿಲ್ಲ, ಎಲ್ಲರಿಗೂ ಖುಷಿ. ಆಗ ಮಳೆಗಾಲ. ಮರ ತೇವ ಹೀರಿ ಹಿಗ್ಗಿರುತ್ತೆ, ಬೇಸಿಗೆಯಲ್ಲಿ ಕುಗ್ಗುತ್ತೆ. ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗಲ್ಲ, ಆಟವೆಲ್ಲ ಅಗಲದಲ್ಲಿ. ಪಾಲಿಶ್ ಹೊಡೆದರೂ ನಿಲ್ಲಲ್ಲ, ನಿಧಾನ ಆಗುತ್ತೆ ಅಷ್ಟೇ. ಹಲಗೆ ಬಿಡುವಾಗಿದ್ದರೆ ಗ್ರೂವ್ ಒಳಗೇ ಜರುಗುತ್ತೆ, ಹೊರಗೆ ಗೊತ್ತೇ ಆಗಲ್ಲ. ಎರಡೂ ಅಂಚನ್ನು ಅಂಟು ಕಚ್ಚಿ ಹಿಡಿದಿದ್ದರೆ? ಯುಗಾದಿ ಹೊತ್ತಿಗೆ ಹಲಗೆ ಮೇಲಿಂದ ಕೆಳಗೆ ಸೀಳಿತ್ತು. ರಾತ್ರಿ ಹಾಲ್‌ನ ಲೈಟು ಬೀದಿಗೆ ಕಾಣುತ್ತಿತ್ತು. ಬಾಕಿ ದುಡ್ಡು ಬರಲಿಲ್ಲ, ಹೊಸ ಬಾಗಿಲಿನ ತೇಗವೂ ನನ್ನ ತಲೆಗೇ ಬಂತು. ಲಟಲಟ ನಿಲ್ಲಿಸಲು ಮೇಲೊಂದು ಕೆಳಗೊಂದು, ಹಲಗೆಯ ನಟ್ಟನಡುವೆ, ಸಣ್ಣ ಪಿನ್ನು ಹೊಡೆದಿದ್ದರೆ ಸಾಕಿತ್ತು!

ಮೇಸ್ತ್ರಿಗೆ ಇದು ಗೊತ್ತಿತ್ತು. ಆದರೆ ಅವರ ಹತ್ತಿರ ನಾನು ಮಾಡಿದ್ದೆಲ್ಲ ಪ್ಲೈವುಡ್ ವಾರ್ಡ್‌ರೋಬು. ಪ್ಲೈನಲ್ಲಿ ಪದರಗಳನ್ನು ಅಡ್ಡಡ್ಡ ಅಂಟಿಸಿರುತ್ತಾರೆ, ಅದು ಅಷ್ಟಾಗಿ ಹಿಗ್ಗಲ್ಲ. ಅಂಟು ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋ ಚಾಳಿ ಅಲ್ಲಿಂದಲೇ ಬಂದಿದ್ದು.

ಹಾಗಾಗಿ ಕೂಲಿಯೋ ಕಾಂಟ್ರಾಕ್ಟೋ ಅನ್ನೋದು ಪ್ರಶ್ನೆಯೇ ಅಲ್ಲ. ಎರಡು ವರ್ಷ ಯಾವ ಕೆಲಸ ಮಾಡಿದಿರಿ, ಅದನ್ನು ಹೇಳಿ. ಬರೀ ಪ್ಲೈ ಆದರೆ, ಮರದ ಬಾಗಿಲು ಮಾಡುವ ಹಳೇ ಮೇಸ್ತ್ರಿಯನ್ನು ಹುಡುಕಿ, ಕೂಲಿ ಕಮ್ಮಿಯಾದರೂ ಹೋಗಿ. ಆ ಮೇಸ್ತ್ರಿ ತಾವು ಮಾಡಿದ ಬಾಗಿಲನ್ನು ಬೇಸಿಗೆಯಲ್ಲಿ ಹೋಗಿ ನೋಡುವವರಾಗಿರಬೇಕು. ಕಾಂಟ್ರಾಕ್ಟ್ ಹಿಡಿಯಲೇಬೇಕು ಅಂದರೆ ಮರ ಮನೆಯವರೇ ತರಲಿ, ನೀವು ಕೂಲಿಗಷ್ಟೇ ಮಾತಾಡಿ.

ಅಂದಹಾಗೆ, ಕಾರ್ಮಿಕ ಕಾರ್ಡ್ ಮಾಡಿಸಿದ್ದೀರಾ? ಬಡಗಿಗಳೂ ಕಟ್ಟಡ ಕಾರ್ಮಿಕರೇ. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದರೆ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗುತ್ತೆ. ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಕೇಳುತ್ತಾರೆ. ಮೇಸ್ತ್ರಿ ಜೊತೆ ಜಗಳ ಆಡೋದಿದ್ದರೆ ಮೊದಲು ಅದಕ್ಕೆ ಸಹಿ ಹಾಕಿಸಿಕೊಳ್ಳಿ.