ಪೆಟ್ಟು ಎಲ್ಲಿ ಸೋರುತ್ತಿದೆ?

ಈ ಸಲ ಬಂದ ಪತ್ರಗಳಲ್ಲಿ ಹಳೆ ಪವರ್ ಹ್ಯಾಮರ್ (ಕಾದ ಕಬ್ಬಿಣ ಬಡಿಯುವ ಮೆಷಿನ್ ಸುತ್ತಿಗೆ) ವಿಷಯವೇ ಜಾಸ್ತಿ. ಸಮ್ಮಟಿಗೆ ಹೊಡೆಯೋಕೆ ಕುಲುಮೆಗೆ ಹುಡುಗರು ಬರಲ್ಲ, ತೋಟದವರಿಗೆ ಕತ್ತಿ, ಗುದ್ದಲಿ, ಹಾರೆ ಮಾತ್ರ ಬೇಕೇ ಬೇಕು, ಹಾಗಾಗಿ ಗುಜರಿಯಲ್ಲಿ ಮಳೆಗೆ ನೆನೆಯುತ್ತಿದ್ದ ಮೆಷಿನ್ನುಗಳನ್ನು ಜನ ಮತ್ತೆ ಹುಡುಕುತ್ತಿದ್ದಾರೆ. ಹೆಸರು ಹಾಕಬೇಡಿ ಅಂದವರೇ ಹೆಚ್ಚು. ಊರಿನ ಹೆಸರಷ್ಟೇ ಹಾಕಿದ್ದೇನೆ.

ಪ್ರಶ್ನೆ: ಸಾರ್, ಮುಚ್ಚಿಹೋದ ವರ್ಕ್‌ಶಾಪಿನಿಂದ ಒಂದು 50 ಕೆ.ಜಿ. ಸ್ಪ್ರಿಂಗ್ ಹ್ಯಾಮರ್ ಗುಜರಿಗೆ ಬಂದಿದೆ. ಕಬ್ಬಿಣದ ತೂಕಕ್ಕೇ ಕೊಡ್ತೀನಿ ಅಂತಾರೆ. ಏನೇನು ನೋಡಿ ತಗೋಬೇಕು? (ಹೊಳೆನರಸೀಪುರ)

ಉತ್ತರ: 50 ಕೆ.ಜಿ. ಅಂದರೆ ಇಡೀ ಮೆಷಿನ್ನಿನ ತೂಕ ಅಲ್ಲ, ಮೇಲೆ ಕೆಳಗೆ ಓಡುವ ರ‍್ಯಾಮ್‌ನ ತೂಕ. ಅದರ ಕೆಳಗೆ ಕೂತಿರುವ ಅಡಿಗಲ್ಲು ಅದರ ಹತ್ತು ಪಟ್ಟಾದರೂ ಇರಬೇಕು, ಹದಿನೈದು ಇಪ್ಪತ್ತು ಪಟ್ಟಿದ್ದರೆ ಇನ್ನೂ ಒಳ್ಳೇದು. ಅಂದರೆ ನಿಮ್ಮ ಹ್ಯಾಮರ್‌ಗೆ ಕಡಿಮೆ ಅಂದರೂ 500 ಕೆ.ಜಿ. ಅಡಿಗಲ್ಲು ಬೇಕು. ಅಡಿಗಲ್ಲು ಹಗುರ ಇದ್ದರೆ ಪೆಟ್ಟು ಬಿದ್ದಾಗ ಅದೂ ಕೆಳಗೆ ಓಡುತ್ತದೆ. ಕಾದ ಕಬ್ಬಿಣಕ್ಕೆ ಸಿಗಬೇಕಾದ ಪೆಟ್ಟು ನೆಲಕ್ಕೆ ಹೋಗುತ್ತದೆ. ಕೆಲವರು ಅಡಿಗಲ್ಲನ್ನು ಬೇರೆ ಮಾರಿಕೊಂಡು ಆ ಜಾಗಕ್ಕೆ ಪ್ಲೇಟ್ ವೆಲ್ಡ್ ಮಾಡಿ ಕೂರಿಸಿರುತ್ತಾರೆ, ಬಗ್ಗಿ ನೋಡಿ.

ಬಣ್ಣ ನೋಡಬೇಡಿ. ಮೋಟಾರನ್ನೂ ನೋಡಬೇಡಿ, ಮೋಟಾರ್ ಯಾವಾಗ ಬೇಕಾದರೂ ಸಿಗುತ್ತದೆ. ನೋಡಬೇಕಾದ್ದು ಫ್ರೇಮ್. ಹಳೆ ಫ್ರೇಮ್‌ಗಳು ಹೆಚ್ಚಾಗಿ ಬೀಡು ಕಬ್ಬಿಣ, ಬೀಡಿಗೆ ಬಗ್ಗೋದು ಗೊತ್ತಿಲ್ಲ, ಬಿರಿಯುತ್ತದೆ. ಸಣ್ಣ ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ ಕೇಳಿ. ಠಣ್ ಅನ್ನಬೇಕು, ಎಲ್ಲಾದರೂ ಡಬ್ ಅಂದರೆ ಅಲ್ಲಿ ನಿಲ್ಲಿ. ಆ ಜಾಗದ ಗ್ರೀಸ್ ತೆಗೆದು ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿ. ಬಿರುಕಿದ್ದರೆ ಒಳಗಿದ್ದ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಗೆರೆ ಮೂಡುತ್ತದೆ. ಫ್ರೇಮಿನ ಬಾಗಿದ ಕುತ್ತಿಗೆ, ಡೈ (ಕಬ್ಬಿಣವನ್ನು ಬಡಿಯುವ ಉಕ್ಕಿನ ತುಂಡು) ಕೂರುವ ಗಾಡಿಯ, ಅಂದರೆ ತೋಡಿನ, ಮೂಲೆಗಳು, ಬೇರಿಂಗ್ ಕೂರುವ ಜಾಗ, ಈ ಮೂರನ್ನು ಬಿಡಬೇಡಿ. ಕುತ್ತಿಗೆಯಲ್ಲಿ ಬಿರುಕು ಕಂಡರೆ ಸುಮ್ನೆ ವಾಪಸ್ ಬನ್ನಿ. ಬೇರೆ ಕಡೆ ಸಣ್ಣ ಬಿರುಕಾದರೆ ಅದರ ಎರಡೂ ತುದಿಗೆ ಡ್ರಿಲ್ ಹೊಡೆದು ಓಟ ನಿಲ್ಲಿಸಿ, ಕಾಯಿಸಿ, ನಿಕ್ಕಲ್ ರಾಡಿನಲ್ಲಿ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಿ, ಬಿಸಿ ಇರುವಾಗಲೇ ಮೆಲ್ಲಗೆ ತಟ್ಟುತ್ತಾ, ಆಮೇಲೆ ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಬೇಕು. ಮಾಮೂಲಿ ರಾಡಿನಲ್ಲಿ ಎರಡು ನಿಮಿಷದಲ್ಲಿ ಮಾಡಿಕೊಡ್ತೀನಿ ಅನ್ನೋ ವೆಲ್ಡರ್ ಹತ್ತಿರ ಹೋಗಬೇಡಿ.

ಆಮೇಲೆ ರ‍್ಯಾಮ್ ಹಿಡಿದು ಅಲ್ಲಾಡಿಸಿ. ಗೈಡಿನಲ್ಲಿ ಅದು ಲೊಡಲೊಡ ಅಂದರೆ ಹೆದರಬೇಡಿ, ಹೆಚ್ಚಿನವಕ್ಕೆ ಬಿಗಿ ಮಾಡುವ ಪಟ್ಟಿ ಇರುತ್ತದೆ. ಡೈ ಕೂರುವ ಗಾಡಿ ಸವೆದು ಓರೆ ಆಗಿದ್ದರೆ ಲೇತ್‌ನಲ್ಲಿ ಆಗಲ್ಲ, ಪ್ಲೇನಿಂಗ್ ಅಥವಾ ಮಿಲ್ಲಿಂಗ್ ಕೆಲಸ ಬೀಳುತ್ತದೆ. ಆ ಖರ್ಚನ್ನು ಚೌಕಾಸಿಯಲ್ಲೇ ಕಳೆಯಿರಿ.

ಪ್ರಶ್ನೆ: ನಮ್ಮ ಹ್ಯಾಮರ್ ಓಡುವಾಗ ಕ್ರ್ಯಾಂಕ್ ಕಡೆ ಧಡ್ ಧಡ್ ಅಂತ ಬಡಿಯುತ್ತೆ. ಬಿಚ್ಚಿದರೆ ಬಾಲ್ ಬೇರಿಂಗೇ ಇಲ್ಲ, ಬೆಳ್ಳಿ ಬಣ್ಣದ ಮೆತ್ತನೆ ಲೋಹ ಇದೆ, ಅರ್ಧ ಉದುರಿದೆ. ತೆಗೆದು ಬಾಲ್ ಬೇರಿಂಗ್ ಹಾಕಿಸಿಬಿಡಲಾ? (ಮೂಡಿಗೆರೆ)

ಉತ್ತರ: ಬೇಡ. ಅದು ವೈಟ್ ಮೆಟಲ್. ತವರಕ್ಕೆ ಸ್ವಲ್ಪ ಆಂಟಿಮನಿ, ಸ್ವಲ್ಪ ತಾಮ್ರ ಸೇರಿಸಿ ಮಾಡಿದ್ದು. ಐಸಾಕ್ ಬ್ಯಾಬಿಟ್ ಅನ್ನುವ ಅಮೆರಿಕದ ಅಕ್ಕಸಾಲಿ ಇದನ್ನು ಕಂಡುಹಿಡಿದದ್ದು 1839ರಲ್ಲಿ. ತಮಾಷೆ ಅಂದರೆ ಇಂಗ್ಲೆಂಡಿನಲ್ಲಿ ಜೇಮ್ಸ್ ನಾಸ್ಮಿತ್ ಸ್ಟೀಮ್ ಹ್ಯಾಮರ್‌ನ ಚಿತ್ರ ಬರೆದದ್ದೂ ಅದೇ ವರ್ಷ, ಪೇಟೆಂಟ್ ಸಿಕ್ಕಿದ್ದು 1842ರಲ್ಲಿ. ಪೆಟ್ಟು ತಿನ್ನುವ ಜಾಗಕ್ಕೆ ವೈಟ್ ಮೆಟಲ್ ಬಹಳ ಒಳ್ಳೆಯದು, ಅಗಲವಾದ ಜಾಗದಲ್ಲಿ ಭಾರ ಹಂಚಿಕೊಳ್ಳುತ್ತದೆ, ಧೂಳು ಬಿದ್ದರೆ ತನ್ನೊಳಗೆ ಹೂತುಕೊಂಡು ಶಾಫ್ಟನ್ನು ಉಳಿಸುತ್ತದೆ. ನಿಮ್ಮ ಕಡೆ ಹಳೆ ಆಯಿಲ್ ಎಂಜಿನ್, ಅಕ್ಕಿ ಗಿರಣಿ ಶಾಫ್ಟ್ ರಿಪೇರಿ ಮಾಡುತ್ತಿದ್ದ ಹಿರಿಯರು ಯಾರಾದರೂ ಇದ್ದರೆ ಅವರನ್ನು ಕರೆದುಕೊಂಡು ಬನ್ನಿ. ಅವರಿಗೆ ಈ ಕೆಲಸ ಗೊತ್ತಿರುತ್ತದೆ.

ಮೊದಲು ಶಾಫ್ಟ್ ನೋಡಿ. ಅದು ಮೊಟ್ಟೆ ಆಕಾರಕ್ಕೆ ಸವೆದಿದ್ದರೆ ಮೊದಲು ಲೇತ್‌ಗೆ ಹಾಕಿ ಗುಂಡಗೆ ಮಾಡಿಸಿ, ಇಲ್ಲದಿದ್ದರೆ ಹುಯ್ದದ್ದೆಲ್ಲ ದಂಡ. ಹಳೆ ಲೋಹ ಕರಗಿಸಿ ತೆಗೆದು, ಬೇರಿಂಗ್ ಮನೆಯನ್ನು (ಆ ಲೋಹ ಕೂರುವ ಜಾಗವನ್ನು) ಉಜ್ಜಿ ಚೊಕ್ಕ ಮಾಡಿ. ಶಾಫ್ಟನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ, ಲೆವೆಲ್ ನೋಡಿ, ಅದಕ್ಕೆ ಗ್ಯಾಸ್ ದೀಪದ ಮಸಿ ಹಿಡಿಸಿ. ಮಸಿ ಇದ್ದರೆ ಲೋಹ ಶಾಫ್ಟಿಗೆ ಅಂಟಲ್ಲ. ಎರಡು ಬದಿಯನ್ನೂ ಮುಚ್ಚಿ. ಹಸಿ ಜೇಡಿಮಣ್ಣಿನಲ್ಲಿ ಮುಚ್ಚಿದರೆ ಅದು ಪೂರ್ತಿ ಒಣಗೋವರೆಗೆ ಕಾಯಬೇಕು. ಈ ಮಾತು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಕರಗಿದ ಲೋಹಕ್ಕೆ ಒಂದು ಹನಿ ನೀರು ಸಿಕ್ಕರೂ ಅದು ಆವಿಯಾಗಿ ಲೋಹವನ್ನು ಮುಖಕ್ಕೇ ಎರಚುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕಬ್ಬಿಣವೇ ಬೆವರುತ್ತದೆ ಅಲ್ವಾ. ಅದಕ್ಕೇ ಶಾಫ್ಟನ್ನೂ ಬೇರಿಂಗ್ ಮನೆಯನ್ನೂ ಕೈ ಇಡಲಾಗದಷ್ಟು ಕಾಯಿಸಿಯೇ ಹುಯ್ಯಿರಿ.

ತವರದ ವೈಟ್ ಮೆಟಲ್ 240 ಡಿಗ್ರಿ ಆಸುಪಾಸಿನಲ್ಲಿ ಕರಗೋಕೆ ಶುರುವಾಗುತ್ತದೆ, ಹುಯ್ಯುವಾಗ 400 ದಾಟಿರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಣ ಮೆತ್ತನೆ ಮರದ ಕಡ್ಡಿ ಅದ್ದಿ. ಕಂದು ಬಣ್ಣಕ್ಕೆ ಸುಡಬೇಕು, ಬೆಂಕಿ ಹತ್ತಿಕೊಂಡರೆ ಜಾಸ್ತಿ ಕಾದಿದೆ. ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಹುಯ್ಯಬೇಕು. ಆರಿದ ಮೇಲೆ ಶಾಫ್ಟಿಗೆ ನೀಲಿ ಹಚ್ಚಿ ತಿರುಗಿಸಿ, ನೀಲಿ ಹಿಡಿದ ಉಬ್ಬುಗಳನ್ನು ಸ್ಕ್ರೇಪರ್‌ನಲ್ಲಿ ಹೆರೆಯುತ್ತಾ ಹೋಗಿ. ಇದಕ್ಕೆ ತಾಳ್ಮೆ ಬೇಕು, ಒಂದು ದಿನ ಹೋದರೂ ಹೋಗಲಿ. ಶಾಫ್ಟಿನ ದಪ್ಪ ಒಂದು ಇಂಚಿಗೆ ಒಂದು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಲೆಕ್ಕದಲ್ಲಿ ಸಡಿಲ ಬಿಡಿ. ಬೇರಿಂಗಿನ ಎರಡು ಹೋಳುಗಳ ನಡುವೆ ತೆಳು ಹಿತ್ತಾಳೆ ಶಿಮ್‌ಗಳನ್ನು (ತಗಡಿನ ಪಟ್ಟಿಗಳನ್ನು) ಇಟ್ಟಿರಿ, ಮುಂದೆ ಸವೆದಾಗ ಒಂದೊಂದೇ ತೆಗೆದರೆ ಆಯ್ತು. ಎಣ್ಣೆಗೆ ಗೀರು ಕೊರೆಯೋದು ಮರೆಯಬೇಡಿ.

ಪ್ರಶ್ನೆ: 3 ಎಚ್‌ಪಿ ಮೋಟಾರ್ ತೆಗೆದು 5 ಎಚ್‌ಪಿ ಹಾಕಿಸಿದೆ. ಪೆಟ್ಟು ಇನ್ನೂ ಮೆತ್ತಗಾಯ್ತು, ಮೇಲಿಂದ ಸ್ಪ್ರಿಂಗ್ ಪಟ್ಟಿ ಬೇರೆ ಮುರೀತಿದೆ. ಯಾರು ಏನು ಮಾಡಿದ್ರು ಗೊತ್ತಾಗ್ತಿಲ್ಲ. (ಸಕಲೇಶಪುರ)

ಉತ್ತರ: ಹೊಸ ಮೋಟಾರಿನ ಜೊತೆ ಪುಲ್ಲಿ ಕೂಡ ಬದಲಾಗಿರಬೇಕು, ಅಳೆದು ನೋಡಿ. 1440 ಸುತ್ತಿನ ಮೋಟಾರಿಗೆ 3 ಇಂಚಿನ ಪುಲ್ಲಿ, ಹ್ಯಾಮರ್ ಕಡೆ 15 ಇಂಚು ಇದ್ದರೆ ನಿಮಿಷಕ್ಕೆ 288 ಪೆಟ್ಟು. ಅದೇ ಮೋಟಾರ್ ಪುಲ್ಲಿ 5 ಇಂಚಾದರೆ 480 ಆಗುತ್ತದೆ! ರ‍್ಯಾಮ್ ಕೆಳಗೆ ಬಂದು ಹೊಡೆಯೋ ಮೊದಲೇ ಕ್ರ್ಯಾಂಕ್ ಮೇಲೆ ಎಳೆದುಬಿಡುತ್ತದೆ. ಆ ಜಗಳದಲ್ಲಿ ಬಗ್ಗಿ ಬಗ್ಗಿ ಮುರಿಯೋದು ಸ್ಪ್ರಿಂಗ್. ಪೆಟ್ಟು ಹೆಚ್ಚಬೇಕು ಅಂದರೆ ವೇಗ ಹೆಚ್ಚಿಸೋದು ದಾರಿ ಅಲ್ಲ, ಎಲ್ಲಿ ಸೋರುತ್ತಿದೆ ಅಂತ ಹುಡುಕಬೇಕು.

ಇನ್ನೊಂದು ಕಡೆ ಗ್ಯಾಪ್ ನೋಡಿ. ಕ್ರ್ಯಾಂಕ್ ಪೂರ್ತಿ ಕೆಳಗೆ ಬಂದಾಗ ಎರಡು ಡೈಗಳು ಮುಟ್ಟಿಕೊಂಡಿರಬಾರದು. ನೀವು ದಿನಾ ಬಡಿಯುವ ಕಬ್ಬಿಣ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟು ಜಾಗ ಇರಲಿ. ಆಗ ಓಡುವಾಗ ಸ್ಪ್ರಿಂಗ್ ಚಾಟಿಯ ಹಾಗೆ ಬೀಸಿ ಆ ಜಾಗವನ್ನು ದಾಟಿ ಹೊಡೆಯುತ್ತದೆ. ಮುಟ್ಟಿಕೊಂಡಿದ್ದರೆ ಹೊಡೆಯಲ್ಲ, ಒತ್ತುತ್ತದೆ ಅಷ್ಟೇ. ಬೆಲ್ಟಿಗೋ ಕ್ಲಚ್ಚಿಗೋ ಎಣ್ಣೆ ಬಿದ್ದು ಜಾರುತ್ತಿದೆಯಾ ಅಂತಲೂ ನೋಡಿ.

ಮುರಿದ ಪಟ್ಟಿಗೆ ದಯವಿಟ್ಟು ವೆಲ್ಡ್ ಹಾಕಬೇಡಿ. ವೆಲ್ಡಿನ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ, ಮುರಿದ ತುಂಡು ಎಲ್ಲಿಗೆ ಹಾರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಲಾರಿಯಲ್ಲಿ ದುಡಿದು ದಣಿದ ಹಳೆ ಪಟ್ಟಿಯೂ ಬೇಡ. ಹೊಸದು ಹಾಕಿಸಿ, ನಡುವಿನ ಕ್ಲ್ಯಾಂಪನ್ನು ವಾರಕ್ಕೊಮ್ಮೆ ಬಿಗಿ ಮಾಡಿ, ಸ್ಪ್ರಿಂಗ್ ಸುತ್ತ ಗಟ್ಟಿ ಜಾಲರಿ ಕಟ್ಟಿಸಿ.

ಪ್ರಶ್ನೆ: ಹ್ಯಾಮರ್ ಶುರು ಮಾಡಿದರೆ ಪಕ್ಕದ ಮನೆ ಹೆಂಚು ಅಲ್ಲಾಡುತ್ತೆ ಅಂತ ಜಗಳ. ನೆಲಕ್ಕೆ ಒಂದಡಿ ಕಾಂಕ್ರೀಟ್ ಹಾಕಿಸಿದ್ದೇನೆ, ಇನ್ನೇನು ಮಾಡಲಿ? (ಚಿಕ್ಕಮಗಳೂರು)

ಉತ್ತರ: ಶೆಡ್ಡಿನ ನೆಲ, ಗೋಡೆ ಪಾಯ, ಹ್ಯಾಮರ್ ಎಲ್ಲ ಒಂದೇ ಕಾಂಕ್ರೀಟಿನಲ್ಲಿ ಕೂತಿದ್ದರೆ ಎಷ್ಟು ದಪ್ಪ ಹಾಕಿದರೂ ಅಷ್ಟೇ. ಹ್ಯಾಮರ್‌ಗೆ ಬೇರೆಯೇ ಗುಂಡಿ, ಬೇರೆಯೇ ಕಾಂಕ್ರೀಟ್ ಗಟ್ಟಿ ಬೇಕು, ಅದರ ಸುತ್ತ ನೆಲಕ್ಕೂ ಅದಕ್ಕೂ ತಾಗದಂತೆ ಸಂದಿ ಬಿಡಬೇಕು. ಅಡಿಗಲ್ಲಿನ ಕೆಳಗೆ ಮತ್ತಿ, ಹೊನ್ನೆಯಂಥ ಗಟ್ಟಿ ಮರದ ತೊಲೆಗಳನ್ನು ಒತ್ತಾಗಿ ಜೋಡಿಸಿ, ಅಥವಾ ದಪ್ಪ ಕನ್ವೇಯರ್ ಬೆಲ್ಟ್ ಹಾಸಿ. ನಿಮ್ಮ ಊರಿನ ಮಳೆಗೆ ಗುಂಡಿಯಲ್ಲಿ ನೀರು ನಿಂತರೆ ಮರ ಕೊಳೆತು ಅಡಿಗಲ್ಲು ಓರೆಯಾಗುತ್ತದೆ, ನೀರು ಹೊರಗೆ ಹೋಗೋಕೆ ದಾರಿ ಮಾಡಿ. ಕಾಂಕ್ರೀಟ್ ಹಾಕಿ 28 ದಿನ ಹ್ಯಾಮರ್ ಮುಟ್ಟಬೇಡಿ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಶಬ್ದದ ಕಾನೂನು ಬಿಗಿ. ಪಕ್ಕದ ಮನೆಯವರಿಗೆ ಹೊತ್ತು ಹೇಳಿ ಕೆಲಸ ಮಾಡಿ. ಅವರ ಮನೆಯ ಕತ್ತಿಯನ್ನೊಂದು ಬಿಟ್ಟಿ ಹದ ಹಾಕಿಕೊಡಿ, ಕಾನೂನಿಗಿಂತ ಬೇಗ ಕೆಲಸ ಆಗುತ್ತದೆ.

ಪ್ರಶ್ನೆ: ನಮ್ಮದು ಗಾಳಿ ಹ್ಯಾಮರ್. ಪೆಡಲ್ ಬಿಟ್ಟರೆ ರ‍್ಯಾಮ್ ಮೇಲೆ ನಿಲ್ಲಬೇಕು, ನಿಲ್ಲಲ್ಲ, ಮೆಲ್ಲಗೆ ಕೆಳಗೆ ಬರುತ್ತೆ. (ಬೇಲೂರು)

ಉತ್ತರ: ಗಾಳಿ ಸೋರುತ್ತಿದೆ. ಒಳಗಿರುವ ಚೆಕ್ ವಾಲ್ವ್ ಮೊದಲು ಬಿಚ್ಚಿ, ಎಣ್ಣೆ ಕರಕಲಾಗಿ ಕೂತಿರುತ್ತದೆ, ತೊಳೆದು ಅದರ ಕೂರುವ ಜಾಗ ಉಜ್ಜಿ ನೋಡಿ. ಬಗೆಹರಿಯದಿದ್ದರೆ ಪಿಸ್ಟನ್ ರಿಂಗ್. ವಾಲ್ವ್ ಮಾಡುವ ಕೆಲಸಕ್ಕೆ ಅರ್ಧ ದಿನ ಸಾಕು, ರಿಂಗಿನ ಕೆಲಸ ದೊಡ್ಡದು, ಅದಕ್ಕೇ ಈ ಕ್ರಮ. ಎಂಜಿನ್ನಿನಿಂದ ಇಳಿಸಿದ ಕಪ್ಪು ಎಣ್ಣೆಯನ್ನು ಹ್ಯಾಮರ್‌ಗೆ ಕುಡಿಸುವ ಚಾಳಿ ಇದ್ದರೆ ಇವತ್ತೇ ಬಿಡಿ.

ಪ್ರಶ್ನೆ: ನಮ್ಮ ಯಜಮಾನರು ಲುಂಗಿ ಉಟ್ಟು, ಹವಾಯಿ ಚಪ್ಪಲಿ ಹಾಕ್ಕೊಂಡು ಹ್ಯಾಮರ್ ಮುಂದೆ ನಿಲ್ತಾರೆ. ನಾನು ಹೇಳಿದ್ರೆ ಕೇಳಲ್ಲ. ನೀವಾದ್ರೂ ಬರೀರಿ. (ಆಲೂರು)

ಉತ್ತರ: ಅಕ್ಕಾ, ಈ ಭಾಗ ಅವರಿಗೇ ಓದಿ ಹೇಳಿ. ಯಜಮಾನ್ರೇ, ಲುಂಗಿಯ ಅಂಚು ಬೆಲ್ಟಿಗೆ ಸಿಕ್ಕರೆ ಬಿಡಿಸಿಕೊಳ್ಳೋಕೆ ಟೈಮ್ ಇರಲ್ಲ. ಪ್ಯಾಂಟು, ಶೂ, ಕನ್ನಡಕ, ಕಿವಿಗೆ ಹತ್ತಿಯಲ್ಲ, ಸರಿಯಾದ ಇಯರ್ ಪ್ಲಗ್. ಇಕ್ಕಳದ ಹಿಡಿ ಯಾವತ್ತೂ ಹೊಟ್ಟೆಗೆ ನೇರ ಇರಬಾರದು, ಪಕ್ಕಕ್ಕೆ ಇರಲಿ, ಕಬ್ಬಿಣ ಜಾರಿದರೆ ಅದು ಈಟಿಯೇ. ಆರಿದ ಕಬ್ಬಿಣ ಬಡಿಯಬೇಡಿ, ಖಾಲಿ ಡೈ ಮೇಲೆ ಡೈ ಹೊಡೆಸಬೇಡಿ, ಅಂಚು ಸಿಡಿಯುತ್ತದೆ. ಡೈ ಬದಲಿಸುವಾಗ, ಬೆಣೆ ಬಡಿಯುವಾಗ ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ಕಿತ್ತು ಜೇಬಿನಲ್ಲಿ ಹಾಕ್ಕೊಳ್ಳಿ, ರ‍್ಯಾಮ್ ಕೆಳಗೆ ಮರದ ದಿಮ್ಮಿ ಕೊಡಿ. ಆಮೇಲಷ್ಟೇ ಕೈ ಹಾಕೋದು.

ಪ್ರಶ್ನೆ: ಹಳ್ಳಿಯಲ್ಲಿ ಸಿಂಗಲ್ ಫೇಸ್ ಕರೆಂಟ್ ಮಾತ್ರ. ರಿಪೇರಿಗೆ ಸಾಲ ಏನಾದರೂ ಸಿಗುತ್ತಾ? (ಅರಸೀಕೆರೆ)

ಉತ್ತರ: ಸಣ್ಣ ಹ್ಯಾಮರ್ ಆದರೆ ವಿಎಫ್‌ಡಿ ಡ್ರೈವ್ (ಮೋಟಾರ್ ವೇಗ ಹಿಡಿತದಲ್ಲಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಕಿ ಸಿಂಗಲ್ ಫೇಸಿನಲ್ಲೇ ತ್ರೀ ಫೇಸ್ ಮೋಟಾರ್ ಓಡಿಸಬಹುದು, ಮೋಟಾರನ್ನು ಡೆಲ್ಟಾ ಕನೆಕ್ಷನ್‌ಗೆ ಬದಲಿಸೋಕೆ ಆಗುತ್ತಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ. ದೊಡ್ಡದಕ್ಕೆ ಕರೆಂಟ್ ಕಂಪನಿ ಸೆಸ್ಕ್‌ನ ಕಚೇರಿಯಲ್ಲಿ ತ್ರೀ ಫೇಸಿಗೆ ಅರ್ಜಿ ಹಾಕೋದೇ ಸರಿ. ಸಾಲಕ್ಕೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಇದೆ, ಅದರ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಉಪಕರಣಕ್ಕೆ 15,000 ರೂಪಾಯಿವರೆಗೆ, ಸಾಲ ಮೊದಲು 1 ಲಕ್ಷ, ಆಮೇಲೆ 2 ಲಕ್ಷ, ಬಡ್ಡಿ ಶೇ. 5. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.

ಪ್ರಶ್ನೆ: ರಿಪೇರಿ ಎಲ್ಲ ಮುಗೀತು. ಯಾವ ಬಣ್ಣ ಹೊಡೆಸಲಿ? (ಕಡೂರು)

ಉತ್ತರ: ನಿಮಗಿಷ್ಟ ಬಂದದ್ದು. ಹಳೆ ಬಣ್ಣದಲ್ಲಿ ಸೀಸ ಇರಬಹುದು, ಗ್ರೈಂಡರ್ ಹಿಡಿದು ಧೂಳು ಎಬ್ಬಿಸಬೇಡಿ, ಪೇಂಟ್ ರಿಮೂವರ್ ಹಚ್ಚಿ ಹೆರೆಯಿರಿ. ಕಂಪನಿ ಹೆಸರಿನ ತಗಡು ಹಾಗೇ ಇರಲಿ. ಎಣ್ಣೆ ಬಿಡುವ ತೂತುಗಳಿಗೆ ಮೊದಲೇ ಬಟ್ಟೆ ತುರುಕಿ, ತೂತಿನೊಳಗೆ ಬಣ್ಣ ಹೋಗಿ ಮುಚ್ಚಿಕೊಂಡರೆ ಮೂಡಿಗೆರೆಯವರಿಗೆ ಹೇಳಿದ ಕೆಲಸ ನಿಮಗೂ ಬೀಳುತ್ತದೆ.