ಓದುಗರ ಪ್ರಶ್ನೆ: ಪ್ರೋಟೀನಿಗೂ ಸೋಪಿಗೂ ಏನು ಸಂಬಂಧ?

ಪ್ರಶ್ನೆ: ಮೇಡಂ, ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮಗಳು ಬೆಂಗಳೂರಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಜೀವಕೋಶದ ಪೊರೆಯಲ್ಲಿರುವ ಯಾವುದೋ ಪ್ರೋಟೀನಿನ ಮೇಲಂತೆ. ಮೂರನೇ ವರ್ಷ ನಡೀತಿದೆ. ಫೋನ್ ಮಾಡಿದಾಗೆಲ್ಲ 'ಅಪ್ಪಾ, ಡಿಟರ್ಜೆಂಟ್ ಹೊಂದುತ್ತಿಲ್ಲ' ಅನ್ನುತ್ತಾಳೆ. ಪ್ರೋಟೀನಿಗೂ ಸೋಪಿಗೂ ಏನು ಸಂಬಂಧ? ಪ್ರೋಟೀನಿನ ಆಕಾರವನ್ನು ಈಗ ಕಂಪ್ಯೂಟರೇ ಹೇಳುತ್ತದೆ ಅಂತ ಪೇಪರಲ್ಲಿ ಓದಿದೆ. ಹಾಗಾದರೆ ಇವಳು ಇಷ್ಟು ಒದ್ದಾಡುವುದು ಯಾಕೆ?
– ಒಬ್ಬ ತಂದೆ

ಉತ್ತರ: ನಿಮ್ಮ ಮಗಳು ಸರಿಯಾದ ಕಡೆಯೇ ಒದ್ದಾಡುತ್ತಿದ್ದಾಳೆ. ಶಿವಮೊಗ್ಗಕ್ಕೆ ಪಾಠ ಮಾಡಲು ಬರುವ ಮೊದಲು ನಾನೂ ಇಂಥ ಲ್ಯಾಬಿನಲ್ಲಿದ್ದವಳು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜೀವಕೋಶದ ಸುತ್ತ ಕೊಬ್ಬಿನ ಪೊರೆ ಇರುತ್ತದೆ. ದಪ್ಪ ಸುಮಾರು 5 ನ್ಯಾನೋಮೀಟರ್, ಅಂದರೆ ಒಂದು ಮಿಲಿಮೀಟರಿನ ಎರಡು ಲಕ್ಷದಲ್ಲೊಂದು ಪಾಲು. ನೀರು, ಉಪ್ಪು, ಹಾರ್ಮೋನಿನ ಸುದ್ದಿ, ಎಲ್ಲದಕ್ಕೂ ಈ ಪೊರೆಯಲ್ಲಿ ದಾರಿ ಮಾಡಿಕೊಡುವುದು ಅದರೊಳಗೆ ನಾಟಿಕೊಂಡಿರುವ ಪ್ರೋಟೀನುಗಳು. ಕೊಬ್ಬಿನ ನಡುವೆಯೇ ಇರಬೇಕಾದ್ದರಿಂದ ಅವುಗಳ ಹೊರಮೈಗೆ ನೀರು ಆಗುವುದಿಲ್ಲ. ಹಲಸಿನ ಹಣ್ಣು ಬಿಡಿಸಿದ ಕೈಯ ಮೇಣ ಎಷ್ಟು ನೀರು ಸುರಿದರೂ ಹೋಗದೆ, ಎಣ್ಣೆ ಹಚ್ಚಿದರೆ ಬಿಡುತ್ತದಲ್ಲ, ಇದೂ ಹಾಗೇ. ಪರೀಕ್ಷಿಸಿ ನೋಡಲು ಪೊರೆಯಿಂದ ಪ್ರೋಟೀನನ್ನು ನೀರಿಗೆ ತರಬೇಕಾದರೆ ಅದರ ಜಿಡ್ಡಿನ ಭಾಗವನ್ನು ಏನಾದರೂ ಸುತ್ತಿಕೊಳ್ಳಬೇಕು. ಆ ಕೆಲಸ ಸೋಪಿನಂಥ ಡಿಟರ್ಜೆಂಟಿನದು.

ಆದರೆ ಯಾವುದೋ ಒಂದು ಡಿಟರ್ಜೆಂಟ್ ಹಾಕಿದರೆ ಆಗುವುದಿಲ್ಲ. ಟೂತ್‌ಪೇಸ್ಟಿನಲ್ಲಿರುವ ಎಸ್‌ಡಿಎಸ್ ಹಾಕಿದರೆ ಪ್ರೋಟೀನು ಹೊರಗೇನೋ ಬರುತ್ತದೆ, ಆದರೆ ಮಡಚಿಕೊಂಡಿರುವ ಅದರ ಆಕಾರವೆಲ್ಲ ಬಿಚ್ಚಿಹೋಗಿ ಕೆಲಸಕ್ಕೆ ಬಾರದಂತಾಗುತ್ತದೆ. ಡಿಡಿಎಂ ಎಂಬುದೊಂದಿದೆ, ನೀರಿಗೆ ಒಗ್ಗುವ ಸಕ್ಕರೆಯ ತಲೆ, ಪ್ರೋಟೀನಿನ ಜಿಡ್ಡಿಗೆ ಒಗ್ಗುವ ಉದ್ದನೆಯ ಜಿಡ್ಡಿನ ಬಾಲ. ಮೃದು ಸ್ವಭಾವದ್ದು. ಜಾಸ್ತಿ ಜನ ಶುರು ಮಾಡುವುದು ಅದರಿಂದಲೇ. ಅದೂ ಎಲ್ಲಕ್ಕೂ ಒಗ್ಗುವುದಿಲ್ಲ. 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ ಸ್ವೆಟರ್ ಹಾಕಿಕೊಂಡು ರಾತ್ರಿವರೆಗೆ ಕೆಲಸ ಮಾಡಿರುತ್ತೇವೆ. ಹೊರಡುವಾಗ ಟ್ಯೂಬು ತಿಳಿಯಾಗಿರುತ್ತದೆ. ಬೆಳಿಗ್ಗೆ ಬಂದು ದೀಪಕ್ಕೆ ಹಿಡಿದರೆ ಮಬ್ಬು. ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ ಜೋರಾಗಿ ತಿರುಗಿಸಿದರೆ ತಳದಲ್ಲಿ ಬೆಳ್ಳಗೆ ಒಂದು ಚುಕ್ಕೆ. ಪ್ರೋಟೀನೆಲ್ಲ ಒಂದಕ್ಕೊಂದು ಅಂಟಿಕೊಂಡು ಕೂತಿದೆ ಎಂದು ಅರ್ಥ. ಬೇರೆ ಡಿಟರ್ಜೆಂಟ್ ಹಿಡಿದು ಮತ್ತೆ ಮೊದಲಿನಿಂದ. ಮಗಳು ಹೇಳುತ್ತಿರುವುದು ಇದನ್ನೇ. ಇದು ದಡ್ಡತನದ ಲಕ್ಷಣ ಖಂಡಿತ ಅಲ್ಲ. ಪೊರೆಯ ಇಂಥ ಪ್ರೋಟೀನೊಂದರ ಪೂರ್ತಿ ರಚನೆ ಮೊದಲ ಸಲ ಸಿಕ್ಕಿದ್ದು 1985ರಲ್ಲಿ, ಜರ್ಮನಿಯಲ್ಲಿ. ಬೆಳಕಿನಿಂದ ಬದುಕುವ ಒಂದು ಬ್ಯಾಕ್ಟೀರಿಯಾದ್ದು. ಮೂವರಿಗೆ 1988ರ ನೊಬೆಲ್ ಬಂತು.

ಪೊರೆಯ ಪ್ರೋಟೀನುಗಳ ವಿಷಯದಲ್ಲಿ ನನಗೆ ತುಂಬ ಇಷ್ಟದ ಪ್ರಯೋಗವೆಂದರೆ ಅಮೆರಿಕದ ವಿಜ್ಞಾನಿ ಪೀಟರ್ ಆಗ್ರೆಯವರದು. ಕೆಂಪು ರಕ್ತಕಣದಲ್ಲಿ ಇನ್ನೇನನ್ನೋ ಹುಡುಕುತ್ತಿದ್ದಾಗ ಅವರಿಗೆ ಒಂದು ಅಪರಿಚಿತ ಪ್ರೋಟೀನು ಸಿಕ್ಕಿತು. ಇದರ ಕೆಲಸ ಏನು? ಮಳೆಗಾಲದಲ್ಲಿ ಗದ್ದೆ ನೀರಿನಲ್ಲಿ ಕಪ್ಪೆಯ ಮೊಟ್ಟೆ ನೋಡಿರುತ್ತೀರಿ. ನೀರಲ್ಲೇ ಇದ್ದರೂ ಅದು ಉಬ್ಬಿ ಒಡೆಯುವುದಿಲ್ಲ, ಅದರ ಪೊರೆ ನೀರನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಆಗ್ರೆ ತಂಡದವರು ಆಫ್ರಿಕಾದ ಒಂದು ಕಪ್ಪೆಯ ಮೊಟ್ಟೆಯೊಳಗೆ ಆ ಪ್ರೋಟೀನು ತಯಾರಾಗುವಂತೆ ಮಾಡಿ, ಉಪ್ಪು ಕಡಿಮೆಯಿರುವ ತೆಳು ದ್ರಾವಣದಲ್ಲಿಟ್ಟರು. ಕೆಲವೇ ನಿಮಿಷ. ಮೊಟ್ಟೆ ಉಬ್ಬಿ ಒಡೆದೇ ಹೋಯಿತು! ಅದು ನೀರಿನ ದಾರಿ ಎಂದು 1992ರಲ್ಲಿ ಹೀಗೆ ಗೊತ್ತಾಯಿತು. ಅಕ್ವಾಪೋರಿನ್ ಎಂದು ಹೆಸರಿಟ್ಟರು. ನಮ್ಮ ಮೂತ್ರಪಿಂಡ ನೀರು ಉಳಿಸಿಕೊಳ್ಳುವುದು ಇದೇ ಬಳಗದ ಪ್ರೋಟೀನುಗಳಿಂದ. 2003ರಲ್ಲಿ ಆಗ್ರೆಯವರಿಗೂ ನೊಬೆಲ್ ಬಂತು.

ಇನ್ನು ಕಂಪ್ಯೂಟರಿನ ವಿಷಯ. ನೀವು ಓದಿದ್ದು ನಿಜ. ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಮು ಪ್ರೋಟೀನಿನ ಆಕಾರವನ್ನು ಚೆನ್ನಾಗಿಯೇ ಊಹಿಸುತ್ತದೆ, ಅದಕ್ಕೂ 2024ರಲ್ಲಿ ನೊಬೆಲ್ ಸಿಕ್ಕಿದೆ. ಆದರೆ ಪೊರೆಯ ಪ್ರೋಟೀನು ಒಂದೇ ಆಕಾರದಲ್ಲಿ ಕೂರುವುದಿಲ್ಲ. ತೆರೆಯುತ್ತದೆ, ಮುಚ್ಚುತ್ತದೆ, ಔಷಧಿ ಬಂದು ಕೂತರೆ ಬಾಗುತ್ತದೆ. ಅದು ಯಾವಾಗ, ಎಷ್ಟು ಹೊತ್ತು, ಯಾವ ಔಷಧಿಗೆ ಎಂದು ಖಚಿತ ಮಾಡಿಕೊಳ್ಳಲು ನಿಜವಾದ ಪ್ರೋಟೀನೇ ಕೈಯಲ್ಲಿರಬೇಕು. ಅದನ್ನು ತೆಳ್ಳನೆಯ ಮಂಜುಗಡ್ಡೆಯಲ್ಲಿ ಹಿಡಿದಿಟ್ಟು, ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಲಕ್ಷಗಟ್ಟಲೆ ಚಿತ್ರ ತೆಗೆದು ಜೋಡಿಸುತ್ತಾರೆ. ಟ್ಯೂಬು ಮಬ್ಬಾಗಿದ್ದರೆ ಆ ಯಂತ್ರದಿಂದಲೂ ಪ್ರಯೋಜನವಿಲ್ಲ.

ಉಪಯೋಗ ಏನು ಅನ್ನುತ್ತೀರಾ? ಅಸಿಡಿಟಿಗೆ ನುಂಗುವ ಒಮೆಪ್ರಜೋಲ್, ಉಬ್ಬಸಕ್ಕೆ ಎಳೆದುಕೊಳ್ಳುವ ಸಾಲ್ಬುಟಮಾಲ್, ಎರಡೂ ಹೋಗಿ ಕೂರುವುದು ಪೊರೆಯ ಪ್ರೋಟೀನಿನ ಮೇಲೆಯೇ.

ಮುಂದಿನ ಸಲ ಫೋನಿನಲ್ಲಿ 'ಯಾವಾಗ ಮುಗಿಯುತ್ತೆ' ಅಂತ ಕೇಳಬೇಡಿ. ಅವಳ ಪ್ರೋಟೀನಿನ ಹೆಸರೇನು, ದೇಹದಲ್ಲಿ ಅದು ಎಲ್ಲಿರುತ್ತದೆ, ಏನು ಮಾಡುತ್ತದೆ ಅಂತ ಕೇಳಿ. ಅವಳು ಹೇಳಿದ್ದನ್ನು ನನಗೂ ಬರೆದು ಕಳಿಸಿ.