ಆರೋಗ್ಯ ಕಾರ್ಡು ಬಂದರೂ ಕಾರಿನ ವಿಮೆ ಏಕೆ ಇಳಿಯಲಿಲ್ಲ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಓದುಗರೊಬ್ಬರು ಎರಡು ವರ್ಷಗಳ ಪಾಲಿಸಿ ಪ್ರತಿಗಳನ್ನು ಲಗತ್ತಿಸಿ ಬರೆದಿದ್ದಾರೆ. ಪತ್ರದ ಸಾರ ಇಷ್ಟು: ಅಮೆರಿಕದ ಮಿಶಿಗನ್‌ನಲ್ಲಿರುವ ಅವರ ಸೋದರಳಿಯ, ಎಲ್ಲರ ಆಸ್ಪತ್ರೆ ಖರ್ಚನ್ನು ಸರಕಾರವೇ ವಹಿಸಿಕೊಂಡರೆ ಕಾರಿನ ವಿಮೆ ಅರ್ಧಕ್ಕಿಳಿಯುತ್ತದೆ ಎನ್ನುತ್ತಾನಂತೆ. ನಮ್ಮಲ್ಲಿ ಕೇರಳ ಸರಕಾರದ ಕಾರುಣ್ಯ ಆರೋಗ್ಯ ಕಾರ್ಡು ಇದೆ, ರಸ್ತೆ ಅಪಘಾತಕ್ಕೆ ನಗದುರಹಿತ ಚಿಕಿತ್ಸೆಯೂ ಬಂದಿದೆ. ಆದರೂ ತಮ್ಮ 1,200 ಸಿಸಿ ಕಾರಿನ ವಿಮೆಗೆ ಈ ಸಲ 3,304 ರೂಪಾಯಿ ಹೆಚ್ಚು ಕೊಡಬೇಕಾಯಿತು. ಇದು ಕಂಪನಿಯವರ ಹಗಲುದರೋಡೆ ಅಲ್ಲವೇ ಎಂದು ಅವರು ಕೇಳುತ್ತಾರೆ.

ಮಾನ್ಯರೇ,

ನಿಮ್ಮ ಸೋದರಳಿಯ ಹೇಳಿದ್ದರಲ್ಲಿ ಅಲ್ಲಿಯ ಮಟ್ಟಿಗೆ ಹುರುಳಿದೆ. ಮಿಶಿಗನ್‌ನಲ್ಲಿ ತಪ್ಪು ಯಾರದೇ ಇರಲಿ, ಗಾಯಗೊಂಡವನ ಆಸ್ಪತ್ರೆ ಬಿಲ್ಲನ್ನು ಕಟ್ಟುವುದು ಅವನ ಕಾರಿನ ವಿಮೆಯೇ. 2020ರ ಜುಲೈವರೆಗೆ ಆ ಹೊಣೆಗೆ ಮಿತಿಯೇ ಇರಲಿಲ್ಲ. ಬೆನ್ನುಹುರಿ ಮುರಿದವನ ಆರೈಕೆಯನ್ನು ಅವನ ಜೀವಮಾನವಿಡೀ ಕಾರಿನ ವಿಮೆ ನೋಡಿಕೊಳ್ಳಬೇಕಿತ್ತು. ಆ ಬಳಿಕ ಎರಡೂವರೆ ಲಕ್ಷ ಅಥವಾ ಐದು ಲಕ್ಷ ಡಾಲರಿನ ಮಿತಿಯನ್ನು ಆರಿಸಿಕೊಳ್ಳಲು ಬಿಟ್ಟರು. ವಯೋವೃದ್ಧರ ಸರಕಾರಿ ಯೋಜನೆಯಾದ ಮೆಡಿಕೇರ್ ಉಳ್ಳವರು ಈ ಭಾಗವನ್ನೇ ಕೈಬಿಡಬಹುದು ಎಂದರು. ಸರಕಾರಿ ಆರೋಗ್ಯ ಯೋಜನೆ ಬಂದರೆ ಕಾರಿನ ವಿಮೆ ಇಳಿಯುವುದು ಇಂಥ ಕಡೆ. ಆಸ್ಪತ್ರೆ ಬಿಲ್ಲೇ ಪ್ರೀಮಿಯಂನ ದೊಡ್ಡ ತುಂಡಾಗಿದ್ದರೆ ಮಾತ್ರ ಈ ಲೆಕ್ಕ ಸರಿಬರುತ್ತದೆ.

ನಮ್ಮಲ್ಲಿ ಹಾಗಿಲ್ಲ. ನಿಮ್ಮ ಪಾಲಿಸಿಯಲ್ಲಿ ಎರಡು ಮುಖ್ಯ ಸಾಲುಗಳಿವೆ. ‘ಓಡಿ’, ಅಂದರೆ ಓನ್ ಡ್ಯಾಮೇಜ್, ನಿಮ್ಮ ಕಾರಿನ ತಗಡು, ಗಾಜು, ಬಂಪರಿನ ಖರ್ಚಿಗೆ. ಆಸ್ಪತ್ರೆಗೂ ಅದಕ್ಕೂ ಸಂಬಂಧವಿಲ್ಲ. ‘ಟಿಪಿ’, ಅಂದರೆ ಥರ್ಡ್ ಪಾರ್ಟಿ, ನಿಮ್ಮ ಕಾರಿನಿಂದ ಪೆಟ್ಟಾದ ಬೇರೆಯವರಿಗೆ ಕೊಡಬೇಕಾದ ಪರಿಹಾರಕ್ಕೆ. ಅದರ ದರ ಗೊತ್ತುಮಾಡುವುದು ಕೇಂದ್ರ ಸರಕಾರ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ 2,094, 1,500ರವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897 ರೂಪಾಯಿ. ನಿಮ್ಮ ಎರಡೂ ಪ್ರತಿಗಳಲ್ಲಿ ಈ ಸಾಲಿನಲ್ಲಿ 3,416 ಎಂದೇ ಇದೆ, ನೋಡಿಕೊಳ್ಳಿ.

ಈ 3,416 ಎಲ್ಲಿಗೆ ಹೋಗುತ್ತದೆ? ಸೀತಾಂಗೋಳಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟ, ತಿಂಗಳಿಗೆ 20,000 ದುಡಿಯುವ 35ರ ಒಬ್ಬರು ಅಪಘಾತದಲ್ಲಿ ತೀರಿಕೊಂಡರೆನ್ನಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. ಸುಪ್ರೀಂ ಕೋರ್ಟಿನ ಸರಳಾ ವರ್ಮ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳ ಪ್ರಕಾರ ವಾಹನ ಅಪಘಾತದ ಪರಿಹಾರ ತೀರ್ಮಾನಿಸುವ ಕ್ಲೇಮ್ಸ್ ಟ್ರಿಬ್ಯೂನಲ್ ಹಾಕುವ ಲೆಕ್ಕ ಹೀಗೆ: ವರ್ಷದ ದುಡಿಮೆ 2,40,000. ನಲವತ್ತರೊಳಗಿನ ಸ್ವಂತ ಉದ್ಯೋಗಿಯಾದ್ದರಿಂದ ಮುಂದಿನ ಏರಿಕೆಗೆಂದು 40 ಶೇಕಡಾ ಸೇರಿಸಿ 3,36,000. ನಾಲ್ವರು ಅವಲಂಬಿತರಿರುವುದರಿಂದ ತೀರಿಕೊಂಡವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 2,52,000. ಮೂವತ್ತೈದರ ಪ್ರಾಯಕ್ಕೆ ಗುಣಕ 16, ಒಟ್ಟು 40,32,000. ಅಂತ್ಯಕ್ರಿಯೆ, ಕುಟುಂಬದ ಅಗಲಿಕೆಯ ಬಾಬ್ತು ಬೇರೆ. ಸ್ಥಳದಲ್ಲೇ ಪ್ರಾಣ ಹೋಗಿದ್ದರೆ ಈ ನಲವತ್ತು ಲಕ್ಷದಲ್ಲಿ ಆಸ್ಪತ್ರೆಯ ಬಿಲ್ಲು ಒಂದು ರೂಪಾಯಿಯೂ ಇಲ್ಲ.

ಅದೇ ವ್ಯಕ್ತಿ ಬದುಕುಳಿದು ಕಾಲು ಮುರಿಯಿತೆನ್ನಿ. ಆಸ್ಪತ್ರೆಗೆ ಮೂರು ಲಕ್ಷ, ಆರು ತಿಂಗಳ ದುಡಿಮೆ ನಷ್ಟ 1,20,000. ಕುಕ್ಕರುಗಾಲಲ್ಲಿ ಕುಳಿತು ಮಾಡುವ ಕೆಲಸ ಇನ್ನಾಗದು ಎಂದು ದುಡಿಮೆಯ ಶಕ್ತಿಯಲ್ಲಿ 20 ಶೇಕಡಾ ಕುಂದು ಒಪ್ಪಿದರೆ 3,36,000ವನ್ನು 16ರಿಂದ ಗುಣಿಸಿ, ಅದರ ಐದನೇ ಒಂದು ಪಾಲು, ಅಂದರೆ 10,75,200. (ವೈದ್ಯಕೀಯ ಬೋರ್ಡು ಬರೆದ ಅಂಗವೈಕಲ್ಯದ ಶೇಕಡಾ ಬೇರೆ, ದುಡಿಮೆಯ ಕುಂದು ಬೇರೆ. ಅದೇ ಕಾಲು ಬ್ಯಾಂಕ್ ಗುಮಾಸ್ತರದಾದರೆ ಎರಡನೆಯದು ಬಹಳ ಕಡಿಮೆಯಾದೀತು.) ಇಲ್ಲೂ ಆಸ್ಪತ್ರೆಯ ಪಾಲು ಐದರಲ್ಲೊಂದರ ಆಸುಪಾಸು.

ಧಾರಾಳವಾಗಿ ಟಿಪಿಯ ಕಾಲು ಭಾಗ ಆಸ್ಪತ್ರೆಗೇ ಹೋಗುತ್ತದೆಂದೂ, ಸರಕಾರ ಅದನ್ನು ಪೂರ್ತಿ ವಹಿಸಿಕೊಂಡಿತೆಂದೂ, ಕಂಪನಿಗಳು ಉಳಿಸಿದ್ದನ್ನೆಲ್ಲ ನಿಮಗೇ ಬಿಟ್ಟುಕೊಟ್ಟವೆಂದೂ ಇಟ್ಟುಕೊಳ್ಳೋಣ. 3,416ರ ಕಾಲು ಭಾಗ 854, ಅದರ ಮೇಲಿನ 18 ಶೇಕಡಾ ಜಿಎಸ್‌ಟಿ ಸೇರಿ 1,008. ವರ್ಷಕ್ಕೆ ಇದಕ್ಕಿಂತ ಹೆಚ್ಚು ಇಳಿಯುವ ದಾರಿ ನಮ್ಮ ಪದ್ಧತಿಯಲ್ಲಿ ಕಾಣುವುದಿಲ್ಲ.

ಅಷ್ಟಾದರೂ ಇಳಿಯುವುದು ಸಂಶಯ. ಗುದ್ದಿದವನ ವಿಮಾ ಕಂಪನಿ ಕೊಡಬೇಕಾದ್ದನ್ನು ಖಜಾನೆ ಏಕೆ ಕೊಡಬೇಕು ಎಂಬ ಪ್ರಶ್ನೆ ಬಂದೇ ಬರುತ್ತದೆ. 1948ರಿಂದ ಎಲ್ಲರಿಗೂ ಸರಕಾರಿ ಚಿಕಿತ್ಸೆ ಇರುವ ಬ್ರಿಟನ್‌ನಲ್ಲಿ, ಅಪಘಾತದ ಗಾಯಾಳುವಿಗೆ ಪರಿಹಾರ ಕೊಡುವ ವಿಮಾ ಕಂಪನಿಯಿಂದ ಚಿಕಿತ್ಸೆಯ ವೆಚ್ಚವನ್ನೂ ನಿಗದಿತ ದರದಲ್ಲಿ ವಸೂಲು ಮಾಡುತ್ತಾರೆ. ನ್ಯೂಜಿಲೆಂಡ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ 1974ರಿಂದ ಗಾಯಕ್ಕಾಗಿ ದಾವೆ ಹೂಡುವ ಹಕ್ಕನ್ನೇ ತೆಗೆದು, ಸರಕಾರಿ ಸಂಸ್ಥೆಯೊಂದರಿಂದ ಚಿಕಿತ್ಸೆಯನ್ನೂ ದುಡಿಮೆ ನಷ್ಟವನ್ನೂ ಕೊಡಿಸುತ್ತಾರೆ. ಕಾರಿಗೆ ಕಡ್ಡಾಯ ವಿಮೆ ಇಲ್ಲ. ಹಾಗೆಂದು ವಾಹನದವರಿಗೆ ಪುಕ್ಕಟೆಯಲ್ಲ. ಪೆಟ್ರೋಲಿನ ಮೇಲೂ ವಾಹನ ಪರವಾನಗಿಯ ಮೇಲೂ ತೆರಿಗೆ ಇದೆ.

ನಮ್ಮ ನಗದುರಹಿತ ಚಿಕಿತ್ಸೆಯದೂ ಹೆಚ್ಚುಕಡಿಮೆ ಬ್ರಿಟನ್ನಿನ ಜಾಯಮಾನವೇ. 2025ರ ಮೇ 5ರಂದು ಅಧಿಸೂಚನೆಯಾದ ಆ ಯೋಜನೆಯಲ್ಲಿ ಗಾಯಾಳು ಒಬ್ಬರಿಗೆ ಒಂದು ಅಪಘಾತಕ್ಕೆ ಒಂದೂವರೆ ಲಕ್ಷದವರೆಗೆ, ಅಪಘಾತದ ದಿನದಿಂದ ಏಳು ದಿನಗಳ ಮಟ್ಟಿಗೆ ಚಿಕಿತ್ಸೆ. ಗುದ್ದಿದ ವಾಹನಕ್ಕೆ ವಿಮೆ ಇದ್ದರೆ ಹಣ ಬರುವುದು ವಿಮಾ ಕಂಪನಿಗಳು ಅಪಘಾತ ನಿಧಿಗೆ ಹಾಕುವ ಪಾಲಿನಿಂದ; ವಿಮೆ ಇಲ್ಲದಿದ್ದರೆ ಅಥವಾ ಗುದ್ದಿ ಓಡಿಹೋಗಿದ್ದರೆ ಮಾತ್ರ ಸರಕಾರದ ಬಜೆಟ್ಟಿನಿಂದ. ಇದರಿಂದ ಪ್ರೀಮಿಯಂ ಇಳಿಯಬೇಕೆಂದು ಬಯಸುವುದು ಲೆಕ್ಕಕ್ಕೆ ಕೂಡುವುದಿಲ್ಲ.

ಪ್ರೀಮಿಯಂ ಬಿಟ್ಟುಬಿಡಿ, ಈ ಯೋಜನೆ ನಮ್ಮ ಗಡಿಯವರಿಗೆ ಬಹಳ ಮುಖ್ಯ. ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ಇದ್ದರೂ ಅದು ಅರ್ಹ ಕುಟುಂಬಗಳಿಗೆ ಮಾತ್ರ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ. ಉಪ್ಪಳದಲ್ಲೋ ಮಂಜೇಶ್ವರದಲ್ಲೋ ಅಪಘಾತವಾದರೆ ಆಂಬುಲೆನ್ಸ್ ಓಡುವುದು ತಲಪಾಡಿ ದಾಟಿ ಮಂಗಳೂರಿಗೆ. ಕೇರಳದ ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂದು ಪ್ರತಿ ಆಸ್ಪತ್ರೆಯಲ್ಲೂ ಕೇಳಬೇಕು. ಅಪಘಾತ ಯೋಜನೆ ಕೇಂದ್ರದ್ದು, ರಾಜ್ಯದ ಗಡಿ ಅಡ್ಡ ಬರುವುದಿಲ್ಲ. ಆದರೆ ಆಸ್ಪತ್ರೆ ಯೋಜನೆಗೆ ಸೇರಿದ್ದಾಗಿರಬೇಕು. ಸೇರದ ಆಸ್ಪತ್ರೆಯಲ್ಲಿ ಜೀವ ಸ್ಥಿರಗೊಳಿಸುವ ಮಟ್ಟಿನ ಚಿಕಿತ್ಸೆ ಮಾತ್ರ. ಏಳು ದಿನದ ಮಿತಿ ಮೂಳೆ ಮುರಿದವರಿಗೆ ಕಷ್ಟ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ ಮೊದಲು ಗಾಯ ತೊಳೆದು ಹೊರಗಿನಿಂದ ಸರಳು ಬಿಗಿಯುತ್ತಾರೆ. ಒಳಗೆ ರಾಡು ಹಾಕುವುದು, ಚರ್ಮ ಕಸಿ ಮಾಡುವುದು ಅನೇಕ ಸಲ ಎಂಟನೆಯ ದಿನದ ಮೇಲೆಯೇ.

ಈ ಯೋಜನೆಗೂ ಟ್ರಿಬ್ಯೂನಲ್ಲಿಗೂ ಬೇಕಾದ ಕಾಗದ ಹುಟ್ಟುವುದು ಮೊದಲ ಗಂಟೆಯಲ್ಲಿ. ಕ್ಯಾಶುವಾಲ್ಟಿಯಲ್ಲಿ "ಏನಾಯಿತು?" ಎಂದಾಗ ಪೊಲೀಸ್ ರಗಳೆ ಬೇಡವೆಂದು ಜೊತೆಗಿದ್ದವರು "ಜಾರಿ ಬಿದ್ದದ್ದು" ಎಂದುಬಿಡುತ್ತಾರೆ. ರಿಜಿಸ್ಟರಿನ ಆ ಒಂದು ಸಾಲು ಮುಂದೆ ವಿಮಾ ಕಂಪನಿಯ ವಕೀಲರಿಗೆ ಸಾಕು. ವಾಹನ ಅಪಘಾತ ಎಂದೇ ಹೇಳಿ, ಸ್ಥಳವನ್ನೂ ವಾಹನದ ನಂಬರನ್ನೂ ಬರೆಸಿ, ಪೊಲೀಸರಿಗೆ ತಿಳಿಸಬೇಕಾದ ಪ್ರಕರಣವೆಂಬ ದಾಖಲೆ, ಅಂದರೆ ಎಂಎಲ್‌ಸಿ ಮಾಡಿಸಿ. ಮಂಗಳೂರಿನ ಆಸ್ಪತ್ರೆ ಸುದ್ದಿ ಮುಟ್ಟಿಸುವುದು ಅಲ್ಲಿನ ಪೊಲೀಸರಿಗೆ. ಅದು ಕುಂಬಳೆಗೋ ಮಂಜೇಶ್ವರಕ್ಕೋ ತಲುಪಲಿ ಎಂದು ಕಾಯದೆ ಮನೆಯವರೊಬ್ಬರು ಅಪಘಾತ ನಡೆದ ಜಾಗದ ಠಾಣೆಗೇ ಹೋಗಿ ದೂರು ಕೊಡಲಿ. ಪೊಲೀಸರ ದೃಢೀಕರಣವಿಲ್ಲದೆ ನಗದುರಹಿತ ಚಿಕಿತ್ಸೆಯೂ ಮುಂದುವರಿಯದು. ದಾವೆಯನ್ನು ನೀವು ವಾಸವಿರುವ ಕಡೆಯ ಟ್ರಿಬ್ಯೂನಲ್ಲಿನಲ್ಲೇ ಹೂಡಬಹುದು, ಮಂಗಳೂರಿಗೆ ಅಲೆಯಬೇಕಾಗಿಲ್ಲ. 2022ರ ಏಪ್ರಿಲ್ 1ರಿಂದ ಅದಕ್ಕೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ.

ಚಿಕಿತ್ಸೆಗೆ ಸರಕಾರ ಕಟ್ಟಿದ್ದರೆ ಆ ಬಿಲ್ಲನ್ನು ಟ್ರಿಬ್ಯೂನಲ್ಲಿನಲ್ಲಿ ಮತ್ತೆ ಕೇಳಲಾಗದು, ನೀವು ಖರ್ಚೇ ಮಾಡಿಲ್ಲವಲ್ಲ. ಕೈಯಿಂದ ಕೊಟ್ಟ ಔಷಧಿ, ಆಂಬುಲೆನ್ಸ್, ಜೊತೆಗೆ ನಿಂತವರ ಖರ್ಚು, ಫಿಸಿಯೋಥೆರಪಿ ಇವುಗಳಿಗೆ ಅಡ್ಡಿಯಿಲ್ಲ, ಚೀಟಿಗಳನ್ನು ಎತ್ತಿಡಿ. ನೀವೇ ಪ್ರೀಮಿಯಂ ಕಟ್ಟಿದ ಖಾಸಗಿ ಮೆಡಿಕ್ಲೇಮಿನ ಮಾತು ಬೇರೆ: ಅದರಿಂದ ಬಂದ ಹಣವನ್ನು ಪರಿಹಾರದಿಂದ ಕಳೆಯಕೂಡದೆಂದು ಬಾಂಬೆ ಹೈಕೋರ್ಟಿನ ಪೂರ್ಣಪೀಠ 2025ರ ಮಾರ್ಚಿನಲ್ಲಿ ಹೇಳಿದೆ.

ಇನ್ನು ನಿಮ್ಮ 3,304 ರೂಪಾಯಿ. ಪ್ರತಿಗಳಲ್ಲಿ ಓಡಿ ಎರಡೂ ವರ್ಷ 8,000. ಹೋದ ವರ್ಷ ಅದರ ಕೆಳಗೆ, ಕ್ಲೇಮು ಮಾಡದವರಿಗೆ ಕೊಡುವ ರಿಯಾಯಿತಿಯಾದ ಎನ್‌ಸಿಬಿ 35 ಶೇಕಡಾ ಎಂದು 2,800 ಕಳೆದಿದ್ದರು. ಈ ವರ್ಷ ಅಲ್ಲಿ ಸೊನ್ನೆ. 2,800ಕ್ಕೆ ಜಿಎಸ್‌ಟಿ ಸೇರಿಸಿದರೆ ಸರಿಯಾಗಿ 3,304. ಗೇಟಿಗೆ ತಾಗಿ ಒಡೆದ ಬಂಪರನ್ನು ವಿಮೆಯಲ್ಲೇ ಮಾಡಿಸಿದೆ ಎಂದು ನೀವೇ ಬರೆದಿದ್ದೀರಿ. ಒಂದು ಕ್ಲೇಮು ಮಾಡಿದರೆ ಎನ್‌ಸಿಬಿ ಪೂರ್ತಿ ಹೋಗುತ್ತದೆ.

ಬಂಪರಿಗೆ 6,000, ಪೇಂಟಿಗೆ 2,000 ಆಯಿತೆಂದು ಬರೆದಿದ್ದೀರಿ. ಪ್ಲಾಸ್ಟಿಕ್ ಭಾಗಕ್ಕೆ ಸವಕಳಿ ಅರ್ಧ, ಅಂದರೆ 3,000 ಹೋಯಿತು. ಪೇಂಟಿನ ಸಾಮಗ್ರಿಯ ಬಾಬ್ತು 250. ಕಡ್ಡಾಯವಾಗಿ ನೀವೇ ಭರಿಸಬೇಕಾದ್ದು 1,000. ನಿಮಗೆ ಸಿಕ್ಕಿದ್ದು 3,750. ಕ್ಲೇಮು ಮಾಡದೆ ಬಿಟ್ಟಿದ್ದರೆ ಈ ವರ್ಷ ಎನ್‌ಸಿಬಿ 45 ಶೇಕಡಾಕ್ಕೆ ಏರಿ, ಜಿಎಸ್‌ಟಿ ಸೇರಿ 4,248 ಉಳಿಯುತ್ತಿತ್ತು. ಮುಂದಿನ ವರ್ಷ 50 ಶೇಕಡಾ ಸಿಗುವ ಕಡೆ ನಿಮಗಿನ್ನು 20 ಮಾತ್ರ. ಇನ್ನು ಮೇಲೆ ಗ್ಯಾರೇಜಿನವರು "ಇನ್ಶೂರೆನ್ಸ್ ಉಂಟಲ್ಲ, ಅದರಲ್ಲೇ ಮಾಡುವ" ಎಂದಾಗ ಮೊದಲು ಎಸ್ಟಿಮೇಟ್ ತರಿಸಿ ಈ ಕಳೆಯುವ ಲೆಕ್ಕ ಹಾಕಿ ನೋಡಿ. ಕೈಗೆ ಬರುವುದಕ್ಕಿಂತ ಹೋಗುವ ಎನ್‌ಸಿಬಿ ಹೆಚ್ಚಾದರೆ ಸ್ವಂತ ಹಣದಲ್ಲೇ ಮಾಡಿಸಿ.

— ಸಂ.